ಚಿಪ್ ಜೊತೆ ಬೆಲೆಯನ್ನೂ ಬರೆಯಿರಿ

ಸಂಪಾದಕರೇ,

ಟಿವಿಗೆ ಜೋಡಿಸಿ ಆಡುವ ಹೊಸ ಗೇಮ್ ಕನ್ಸೋಲ್ ಬಂದಾಗಲೆಲ್ಲ ಚಿಪ್ ಎಷ್ಟು ಜೋರು ಅನ್ನೋದೇ ದೊಡ್ಡ ಸುದ್ದಿ. ಬೆಲೆ ಕೊನೆಯ ಸಾಲಿಗೆ ಹೋಗುತ್ತದೆ. ಚಿಕ್ಕಂದಿನಿಂದ ಆಡಿಕೊಂಡು ಬಂದ ನನಗೆ ಇದು ಸರಿ ಕಾಣುವುದಿಲ್ಲ.

2006ರಲ್ಲಿ ಪ್ಲೇಸ್ಟೇಷನ್ 3 ಅಮೆರಿಕದಲ್ಲಿ 499 ಮತ್ತು 599 ಡಾಲರ್‌ಗೆ ಬಂತು. ಅದೇ ವರ್ಷ ಸುಮಾರು 250 ಡಾಲರ್‌ಗೆ ಬಂದ ನಿಂಟೆಂಡೊ ವೀ ಶಕ್ತಿಯಲ್ಲಿ ಬಹಳ ಹಿಂದೆ. ಎಚ್‌ಡಿ ಚಿತ್ರವೂ ಇರಲಿಲ್ಲ. ಆದರೂ 10 ಕೋಟಿಗೂ ಜಾಸ್ತಿ ಮಾರಾಟವಾಯಿತು. ರಿಮೋಟ್ ಬೀಸಿ ಟೆನಿಸ್ ಆಡುವ ಖುಷಿ ಮನೆಮಂದಿಗೆಲ್ಲ ಹಿಡಿಸಿತ್ತು.

ಹಾಗಂತ ಶಕ್ತಿ ಬೇಡ ಅಂತಲ್ಲ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ 499 ಡಾಲರ್, ಪ್ಲೇಸ್ಟೇಷನ್ 4 (ಪಿಎಸ್4) 399. ಎಕ್ಸ್‌ಬಾಕ್ಸ್ ಜೊತೆ ಆಡುವವರ ಮೈ ಚಲನೆ ಗುರುತಿಸುವ ಕಿನೆಕ್ಟ್ ಕ್ಯಾಮೆರಾ ಕಡ್ಡಾಯ. ಬೇಡದವರೂ ಅದಕ್ಕೆ ದುಡ್ಡು ಕೊಡಬೇಕಿತ್ತು. ಪಿಎಸ್4 ಅಗ್ಗವೂ ಹೌದು, ಗ್ರಾಫಿಕ್ಸ್‌ನಲ್ಲಿ ಮುಂದೆಯೂ ಹೌದು. ಶುರುವಿನ ಕೆಲವು ಆಟಗಳ ಚಿತ್ರ ಪಿಎಸ್4ನಲ್ಲಿ 1080ಪಿ, ಎಕ್ಸ್‌ಬಾಕ್ಸ್‌ನಲ್ಲಿ 720ಪಿ (ಈ ಸಂಖ್ಯೆ ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ). ದೊಡ್ಡ ಟಿವಿಯಲ್ಲಿ ಮರದ ಎಲೆ, ದೂರದ ಬೇಲಿ ನೋಡಿದರೆ ಸಾಕು, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತಿತ್ತು. 2014ರಲ್ಲಿ ಎಕ್ಸ್‌ಬಾಕ್ಸ್ ಒನ್ ಅನ್ನು ಕಿನೆಕ್ಟ್ ಬಿಟ್ಟು 399 ಡಾಲರ್‌ಗೆ ಕೊಟ್ಟರು. ಅಷ್ಟರಲ್ಲಿ ಪಿಎಸ್4 ಮುಂದೆ ಹೋಗಿತ್ತು.

ಕನ್ಸೋಲ್ ಅನ್ನು ನಷ್ಟಕ್ಕೆ ಮಾರಿ, ಆಟ ಮತ್ತು ಆನ್‌ಲೈನ್ ಚಂದಾದಲ್ಲಿ ದುಡ್ಡು ಮಾಡುವುದು ಈ ವ್ಯಾಪಾರದ ಹಳೇ ರೀತಿ. ಕೊಳ್ಳುವವರಿಗೆ ಕನ್ಸೋಲ್, ಆಟ, ಚಂದಾ ಸೇರಿ ಒಟ್ಟು ಎಷ್ಟಾಗುತ್ತದೆ ಅನ್ನೋ ಲೆಕ್ಕವೇ ಮುಖ್ಯ, ಅಲ್ವಾ? ದಯವಿಟ್ಟು ಚಿಪ್‌ನ ವೇಗ ಹೇಳುವ ಟೆರಾಫ್ಲಾಪ್ ಅಂಕಿಯ ಪಕ್ಕದಲ್ಲಿ ಅದನ್ನೂ ಕೊಡಿ.

ಇಂತಿ,
ನಿಮ್ಮ ಓದುಗ