ಅತ್ತ ಮಗು ಮತ್ತು ನಿನ್ನ ಮಾಟಗಾತಿ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂದು ನಾಲ್ಕು ದಿನವಾಯಿತು. ಉಳಿದದ್ದೆಲ್ಲ ಒಂದು ಸಲ ಓದಿದೆ. ಮೂರನೆಯ ಪುಟದ ಆ ಎರಡು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. "ನಾನು ಬರೆದ ಮಾಟಗಾತಿಯ ಚಿತ್ರ ನೋಡಿ ಒಂದು ಮಗು ಅತ್ತುಬಿಟ್ಟಿತು ದೊಡ್ಡಮ್ಮ. ಇನ್ನು ಮೇಲೆ ಹೆದರಿಸುವಂಥದ್ದು ಏನನ್ನೂ ಬರೆಯಲ್ಲ." ಇಷ್ಟು ಹೇಳಿ ನೀನು ಬೇರೆ ಮಾತಿಗೆ ಹೋಗಿದ್ದೀಯ. ನನಗೆ ಹೋಗಲು ಆಗಲಿಲ್ಲ.

ಮನೆಯ ಸುದ್ದಿಯನ್ನು ನಿನ್ನಮ್ಮ ಹೇಳಿರುತ್ತಾಳೆ. ನಾನು ಚಿತ್ರ ಬರೆಯುವುದನ್ನು ಯಾವಾಗ ಬಿಟ್ಟೆ, ಯಾಕೆ ಬಿಟ್ಟೆ ಅನ್ನುವುದೂ ನಿಮಗೆಲ್ಲ ಗೊತ್ತಿರುವುದೇ. ಅದಕ್ಕೂ ಎಷ್ಟೋ ಮೊದಲಿನ ಒಂದು ವಿಷಯವಿದೆ. ಅದನ್ನು ಯಾರಿಗೂ ಹೇಳಿಲ್ಲ.

ನನ್ನ ಮಗನಿಗೆ, ಅಂದರೆ ನಿನ್ನ ಅಣ್ಣನಿಗೆ, ಆಗ ಐದು ವರ್ಷ. ಗ್ರಿಮ್ ಸೋದರರ ಕಥೆಗಳ ಒಂದು ಪುಸ್ತಕ ನನ್ನ ಹತ್ತಿರ ಇತ್ತು. ಚಿತ್ರಗಳು ಇಂಗ್ಲೆಂಡಿನ ಚಿತ್ರಕಾರ ಆರ್ಥರ್ ರ‍್ಯಾಕಮ್ ಅವರದು. ಕಾಡಿನಲ್ಲಿ ದಾರಿ ತಪ್ಪಿದ ಅಣ್ಣ ತಂಗಿಯ ಕಥೆ ನೆನಪಿದೆಯಲ್ವಾ, ಅದರಲ್ಲಿ ಬಾಗಿಲು ತೆರೆದು, ಊರುಗೋಲು ಊರಿಕೊಂಡು ಒಬ್ಬ ಮುದುಕಿ ಹೊರಗೆ ಬರುತ್ತಾಳೆ, ಅವಳೇ ಮಾಟಗಾತಿ. ಆ ಚಿತ್ರ ಬಂದಾಗಲೆಲ್ಲ ನಿನ್ನ ಅಣ್ಣ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆಮೇಲೆ ಬೆರಳ ಸಂದಿಯಿಂದ ನೋಡುತ್ತಿದ್ದ. ಒಂದು ರಾತ್ರಿ ಅಳುತ್ತಾ ಎದ್ದ. ಮಾರನೆಯ ದಿನ ನಾನು ಬ್ಲೇಡು ತಗೊಂಡು ಆ ಹಾಳೆಯನ್ನು ಕತ್ತರಿಸಿ ತೆಗೆದುಬಿಟ್ಟೆ.

ಅವನ ಅಳು ನಿಲ್ಲಲಿಲ್ಲ. ಮುದುಕಿ ಎಲ್ಲಿಗೆ ಹೋದಳು ಅಂತ ಕೇಳಲು ಶುರು ಮಾಡಿದ. ಮಂಚದ ಕೆಳಗೆ ನೋಡುತ್ತಿದ್ದ, ಬಾಗಿಲ ಹಿಂದೆ ನೋಡುತ್ತಿದ್ದ. ಹೋದ ವರ್ಷ ಏನೋ ಮಾತಿಗೆ ಅದು ಬಂತು. ಅವನು ಮೆಲ್ಲಗೆ ಹೇಳಿದ: "ಅವಳು ಪುಸ್ತಕದಲ್ಲಿದ್ದಾಗ ಪುಸ್ತಕ ಮುಚ್ಚಿದರೆ ಸಾಕಾಗಿತ್ತಮ್ಮ."

ನಾನು ಏನೂ ಹೇಳಲಿಲ್ಲ. ಏನು ಹೇಳಲಿ?

ಆ ಮಗುವಿನ ಅಳು ನಿನ್ನನ್ನು ಎಷ್ಟು ಕಾಡಿರಬೇಕು ಅಂತ ನನಗೆ ಗೊತ್ತು. ಅದಕ್ಕೇ ಭಯವಾಗುತ್ತಿದೆ. ನೀನೂ ಬ್ಲೇಡು ಹಿಡಿಯಲು ಹೊರಟಿದ್ದೀಯ ಅನ್ನಿಸುತ್ತಿದೆ. ನಾನು ಹಾಳೆ ಕತ್ತರಿಸಿದ ಮೇಲೆ ನನ್ನ ಕೈಯೂ ಮೆತ್ತಗಾಯಿತು ಪುಟ್ಟಿ. ನನ್ನ ತೋಳಗಳೆಲ್ಲ ನಗುತ್ತಿದ್ದವು. ಹಲ್ಲಿಲ್ಲದ ತೋಳಗಳು. ಕಾಡೆಂದರೆ ನಾಲ್ಕು ದುಂಡು ಮರ. ಪುಸ್ತಕ ಮಾಡುವವರಿಗೆ ಅದು ತುಂಬಾ ಹಿಡಿಸಿತು, ಕೆಲಸವೂ ಜಾಸ್ತಿ ಬಂತು. ಹನ್ನೆರಡು ವರ್ಷ ಹಾಗೇ ಬರೆದೆ. ಆ ಪುಸ್ತಕಗಳನ್ನು ನೋಡಿ ಯಾವ ಮಗುವೂ ಅಳಲಿಲ್ಲ. ಯಾವ ಮಗುವೂ ಬೆರಳ ಸಂದಿಯಿಂದ ನೋಡಲೂ ಇಲ್ಲ.

ರ‍್ಯಾಕಮ್ ಅವರ ಕಥೆ ನಿನಗೆ ಸ್ವಲ್ಪ ಗೊತ್ತಿರಬಹುದು. ಹದಿನೆಂಟನೆಯ ವಯಸ್ಸಿಗೆ ಲಂಡನ್ನಿನ ಒಂದು ವಿಮೆ ಕಚೇರಿಯಲ್ಲಿ ಗುಮಾಸ್ತರಾದರು. ಸಂಜೆ ಲ್ಯಾಂಬೆತ್‌ನ ಕಲಾಶಾಲೆಗೆ ಹೋಗುತ್ತಿದ್ದರು. 1892ರಲ್ಲಿ ಕಚೇರಿ ಬಿಟ್ಟರು. ಗ್ರಿಮ್ ಕಥೆಗಳಿಗೆ 1900ರಲ್ಲಿ ಒಂದು ಸಲ ಚಿತ್ರ ಬರೆದಿದ್ದರು. 1909ರಲ್ಲಿ ಮತ್ತೆ ಅದೇ ಕಥೆಗಳು ಬಂದವು, ಈ ಸಲ 40 ಬಣ್ಣದ ಚಿತ್ರಗಳ ಜೊತೆ. ಅದರ ಹಿಂದಿನ ವರ್ಷವಷ್ಟೇ ಅವರಿಗೆ ಮಗಳು ಹುಟ್ಟಿದ್ದಳು. ಮನೆಯಲ್ಲಿ ಪುಟ್ಟ ಮಗುವನ್ನು ಇಟ್ಟುಕೊಂಡೂ ಅವರು ಆ ಮುದುಕಿಯನ್ನು ಪುಸ್ತಕದಿಂದ ಹೊರಗೆ ಹಾಕಲಿಲ್ಲ. ಇದನ್ನು ನಾನು ತಿಳಿದುಕೊಂಡದ್ದು ತೀರಾ ತಡವಾಗಿ.

ಅವರ ಹೆಂಡತಿಯ ಸೋದರನ ಮಗ ಒಬ್ಬನಿದ್ದ. ಚಿಕ್ಕವನಿದ್ದಾಗ ಅವನನ್ನು ಕರೆದುಕೊಂಡು ಹೋಗಿ ದೊಡ್ಡ ಮರದ ಮುಂದೆ ನಿಲ್ಲಿಸುತ್ತಿದ್ದರಂತೆ. ಈ ಬೇರಿನ ಕೆಳಗೆ ಪುಟ್ಟ ಮನುಷ್ಯರು ಊಟ ಮಾಡುತ್ತಾರೆ, ಮರದ ರಸ ಕಡೆದು ಬೆಣ್ಣೆ ತೆಗೆಯುತ್ತಾರೆ ಅಂತ ಹೇಳುತ್ತಿದ್ದರಂತೆ. ಅವರ ಮರಗಳನ್ನು ನೋಡು ಒಂದು ಸಲ. ಬೇರು ಕೈಯ ಹಾಗಿರುತ್ತದೆ, ಗಂಟು ಮುಖದ ಹಾಗಿರುತ್ತದೆ. ಹತ್ತಿರ ಹೋಗಲು ಹೆದರಿಕೆ, ಹೋಗದಿರಲು ಆಗುವುದಿಲ್ಲ. ಮರದ ಮುಂದೆ ನಿಂತಾಗ ಆ ಹುಡುಗನ ಪಕ್ಕದಲ್ಲಿ ಒಬ್ಬ ಮಾಮ ಇದ್ದ. ನಾನು ನನ್ನ ಮಗನ ಪಕ್ಕ ಕೂತು ಆ ಮುದುಕಿಯನ್ನು ನೋಡಬಹುದಿತ್ತು. ಎಷ್ಟು ಸುಲಭವಾಗಿತ್ತು ಅದು.

ಹಳೆಯ ದೊಡ್ಡ ಪುಸ್ತಕಗಳಲ್ಲಿ ಬಣ್ಣದ ಚಿತ್ರವನ್ನು ಬೇರೆಯಾಗಿ ಅಚ್ಚು ಹಾಕಿ ದಪ್ಪ ಹಾಳೆಗೆ ಅಂಟಿಸುತ್ತಿದ್ದರು. ಮೇಲೆ ತೆಳ್ಳನೆಯ ಟಿಶ್ಯೂ ಕಾಗದ ಇರುತ್ತಿತ್ತು. ಬಣ್ಣ ಉಜ್ಜಿ ಹೋಗದಿರಲಿ ಅಂತ ಮಾಡಿದ್ದು ಅದು. ಆದರೆ ಮಗು ಮೊದಲು ಮಸುಕಾಗಿ ನೋಡುತ್ತದೆ. ಬೇಕೆನಿಸಿದರೆ ತಾನೇ ಕಾಗದ ಎತ್ತುತ್ತದೆ. ಈಗ ಅಂಥ ಪುಸ್ತಕ ಯಾರು ಮಾಡುತ್ತಾರೆ? ಆದರೂ ಮಾಟಗಾತಿ ಬರುವ ಹಿಂದಿನ ಪುಟದಲ್ಲಿ ಅವಳ ನೆರಳನ್ನೋ ಊರುಗೋಲನ್ನೋ ತೋರಿಸಬಹುದೇನೋ. ಪುಟ ತಿರುಗಿಸುವುದು ಮಗುವಿಗೆ ಬಿಟ್ಟದ್ದು. ಇದು ಸುಮ್ನೆ ಹೊಳೆದದ್ದು, ಕೆಲಸ ಬಿಟ್ಟವಳ ಮಾತು. ಸರಿ ಕಂಡರೆ ತಗೋ.

ರಷ್ಯಾದ ಇವಾನ್ ಬಿಲಿಬಿನ್ ಅವರದೂ ಒಂದು ಚಿತ್ರ ಆಗಾಗ ಕಣ್ಣ ಮುಂದೆ ಬರುತ್ತದೆ. ವಾಸಿಲಿಸಾ ಅನ್ನುವ ಹುಡುಗಿ ಕತ್ತಲ ಕಾಡಿನಲ್ಲಿ ಒಂದು ತಲೆಬುರುಡೆಯನ್ನು ಕೋಲಿಗೆ ಸಿಕ್ಕಿಸಿಕೊಂಡು ನಿಂತಿದ್ದಾಳೆ. ಬುರುಡೆಯ ಕಣ್ಣು ಉರಿಯುತ್ತಿದೆ. ಕಥೆಯಲ್ಲಿ ಅವಳು ಮನೆ ಸೇರುವುದು ಆ ಬೆಳಕಿನಲ್ಲೇ. ಬುರುಡೆ ಮಕ್ಕಳಿಗೆ ಬೇಡ ಅಂತ ಅಳಿಸಿದರೆ ಅವಳಿಗೆ ದಾರಿ ಕಾಣುವುದು ಹೇಗೆ ಹೇಳು. ಬಿಲಿಬಿನ್ ಸುತ್ತಲೂ ದಪ್ಪನೆಯ ಅಂಚು ಬರೆದು ಆ ಕಾಡನ್ನು ಕಿಟಕಿಯೊಳಗೆ ಇಟ್ಟ ಹಾಗೆ ಇಟ್ಟಿದ್ದಾರೆ. ನಿನ್ನ ಮಾಟಗಾತಿ ಹಾಳೆಯ ಅಂಚಿನವರೆಗೂ ಹರಡಿದ್ದಾಳಾ? ಅದೊಂದನ್ನು ನೋಡು.

ಇನ್ನೂ ಒಂದು. ರ‍್ಯಾಕಮ್ ಕೊನೆಯ ಕಾಯಿಲೆಯಲ್ಲಿ ನದಿದಂಡೆಯ ಪ್ರಾಣಿಗಳ ಕಥೆಯೊಂದಕ್ಕೆ ಚಿತ್ರ ಬರೆಯುತ್ತಿದ್ದರು. ಎಲ್ಲ ಮುಗಿಯಿತು ಅನ್ನುವಾಗ ದೋಣಿಯಲ್ಲಿ ಹುಟ್ಟುಗಳೇ ಇಲ್ಲ ಅಂತ ಗಮನಕ್ಕೆ ಬಂತು. ಇರಲಿ ಬಿಡಿ ಅಂದರೂ ಕೇಳದೆ ಅದನ್ನು ಸರಿಮಾಡಿದರು. 1939ರಲ್ಲಿ ತೀರಿಕೊಂಡರು. ನಿನ್ನ ಚಿತ್ರದಲ್ಲೂ ಮಗು ಹಿಡಿದುಕೊಳ್ಳಲು ಏನಾದರೂ ಇದೆಯಾ? ಒಂದು ದೀಪ, ಒಂದು ಕಾಲುದಾರಿ, ಅಣ್ಣ ತಂಗಿ ಹಿಡಿದ ಕೈ? ಇರಬಹುದು, ನಾನು ನೋಡಿಲ್ಲ. ನೋಡದೆ ಇಷ್ಟೆಲ್ಲ ಹೇಳುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ.

ಆ ಮಗು ಯಾಕೆ ಅತ್ತಿತು ಅಂತ ಕೇಳಿದೆಯಾ? ಪತ್ರದಲ್ಲಿ ಅದಿಲ್ಲ. ಮೂಗಿಗೋ, ಕಣ್ಣಿಗೋ, ಚಿತ್ರದಲ್ಲಿ ತಂಗಿ ಒಂಟಿಯಾಗಿದ್ದಾಳೆ ಅಂತಲೋ? ಮತ್ತೆ ಸಿಕ್ಕರೆ ಪಕ್ಕದಲ್ಲಿ ಕೂತು ಕೇಳು. ಮತ್ತೆ ನೋಡಬೇಕು ಅಂತ ಅದೇ ಹೇಳಿದರೆ ತೋರಿಸು.

ಮಾಟಗಾತಿಯನ್ನು ಹರಿದು ಹಾಕಿಲ್ಲ ತಾನೇ? ಹಾಕಿಲ್ಲದಿದ್ದರೆ ನನಗೆ ಕಳಿಸು. ಅಂದು ಕತ್ತರಿಸಿದ ಹಾಳೆಯನ್ನು ನಾನೂ ಎಸೆದಿರಲಿಲ್ಲ. ಈ ಪತ್ರದ ಜೊತೆ ಇಟ್ಟಿದ್ದೇನೆ. ಒಂದು ಅಂಚು ಓರೆಯಾಗಿದೆ, ಅವತ್ತು ನನ್ನ ಕೈ ನಡುಗುತ್ತಿತ್ತು. ಮೇಲೊಂದು ಟಿಶ್ಯೂ ಕಾಗದ ಹಾಕಿದ್ದೇನೆ, ಮೆಲ್ಲಗೆ ಎತ್ತು.

ನಿನ್ನ ದೊಡ್ಡಮ್ಮ