ಬಲಗೈಯನ್ನು ಮತ್ತೆ ಕಪ್ಪುಹಲಗೆಗೆ ಏರಿಸಿದವರಿಗೆ

ಈ ಜೂನ್ ತಿಂಗಳಲ್ಲಿ ಹತ್ತನೇ ತರಗತಿಯ ಮಕ್ಕಳೆದುರು ನಿಂತು ಥೇಲ್ಸನ ಪ್ರಮೇಯವನ್ನು ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ನಾಲ್ಕೂ ಭಾಗಗಳೊಡನೆ, ಹಲಗೆಯ ಮೇಲಂಚಿನಿಂದ ಕೆಳಗಿನವರೆಗೆ, ನನ್ನ ಕೈಯಿಂದಲೇ ಬರೆದು ಮುಗಿಸಿದೆ. 26 ವರ್ಷಗಳಿಂದ ಗಣಿತ ಕಲಿಸುತ್ತಿರುವವಳಿಗೆ ಇದೇನು ಹೇಳಿಕೊಳ್ಳುವಂಥ ಸಂಗತಿ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಅದಕ್ಕೆ ಹಿಂದಿನ 14 ತಿಂಗಳು ಸೀಮೆಸುಣ್ಣ ಹಿಡಿದ ಕೈಯನ್ನು ಹೆಗಲಿನ ಮಟ್ಟಕ್ಕಿಂತ ಮೇಲೆತ್ತಲು ನನ್ನಿಂದ ಆಗಿರಲಿಲ್ಲ. ಡ್ರೈ ನೀಡ್ಲಿಂಗ್ ಎಂಬ ಸೂಜಿ ಚಿಕಿತ್ಸೆಯಿಂದ ಆ ಕೈ ಮತ್ತೆ ಮೇಲೇರುವಂತೆ ಮಾಡಿದವರಿಗೆ ಎದುರು ನಿಂತು ಹೇಳಿದ ಕೃತಜ್ಞತೆ ಸಾಲದು ಎನ್ನಿಸಿ, ಎಲ್ಲರೂ ಓದುವಂತೆ ಇದನ್ನು ಬರೆಯುತ್ತಿದ್ದೇನೆ.

ನೋವು ಶುರುವಾದದ್ದು ಎಸ್.ಎಸ್.ಎಲ್.ಸಿ. ಮೌಲ್ಯಮಾಪನ ಮುಗಿಸಿ ಸಾಗರಕ್ಕೆ ಮರಳಿದ ವಾರ. ಮೊದಲು ಬಲತೋಳಿನ ಮುಂಭಾಗದಲ್ಲಿ, ಮೂಳೆಯ ಒಳಗೆಲ್ಲೋ ಹಲ್ಲುನೋವಿನ ಹಾಗೆ ಒಂದೇ ಸಮನೆ ಎಳೆಯುತ್ತಿತ್ತು. ಆಮೇಲೆ ಕುತ್ತಿಗೆಯ ಹಿಂಬದಿಯಿಂದ ಹೊರಟು ಕಣತಲೆಯವರೆಗೆ ಏರುವ ತಲೆನೋವು ಅದಕ್ಕೆ ಜೊತೆಯಾಯಿತು. ಬಲಮಗ್ಗುಲಾಗಿ ಮಲಗುವಂತಿಲ್ಲ, ಸೀರೆಯ ಸೆರಗನ್ನು ಹಿಂದಕ್ಕೆ ಹಾಕಿ ಪಿನ್ನು ಚುಚ್ಚಿಕೊಳ್ಳುವಂತಿಲ್ಲ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವಂತಿಲ್ಲ. ಮನೆಯಲ್ಲಿ ವಾಯು ಎಂದರು, ನೆರೆಯವರು ನರ ಹಿಡಿದಿದೆ ಎಂದರು. ನಾನು ಮೊದಲು ತೋರಿಸಿಕೊಂಡ ಒಂದೆಡೆ ವಯಸ್ಸಿನ ದೋಷವೆಂದು ಹೇಳಿ ಮಾತ್ರೆ ಕೊಟ್ಟರು. ಇನ್ನೊಂದೆಡೆ ಕೀಲು ಬಿಗಿದುಕೊಂಡಿದೆಯೆಂದು ಹೇಳಿ ತೋಳಿನ ಮುಂಭಾಗಕ್ಕೇ ಶಾಖ ಕೊಡಿಸಿದರು. ಎಂ.ಆರ್.ಐ. ಮಾಡಿಸಿದಾಗ ಕುತ್ತಿಗೆಯಲ್ಲಿ ನನ್ನ ವಯಸ್ಸಿನ ಹಲವರಲ್ಲಿ ಕಾಣುವಷ್ಟು ಸವೆತ ಮಾತ್ರ ಕಂಡಿತು. ಚಿತ್ರದಲ್ಲಿ ಏನೂ ಇಲ್ಲವೆಂದ ಮೇಲೆ, ಇದೆ ಎಂದು ಹೇಳುತ್ತಲೇ ಇರುವವಳ ಮಾತು ತೂಕ ಕಳೆದುಕೊಳ್ಳುತ್ತದೆ. ನೋವಿಗಿಂತ ಹೆಚ್ಚಾಗಿ ಅದು ನನ್ನನ್ನು ಕುಗ್ಗಿಸಿತು.

ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಶಿವಮೊಗ್ಗದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿಗೆ ಹೋದೆ. ಅವರ ಒಪ್ಪಿಗೆಯಿಲ್ಲದೆ ಹೆಸರು ಬರೆಯುವುದು ಸರಿಯಲ್ಲ. ಓದಿದರೆ ತಮ್ಮನ್ನು ಕುರಿತ ಮಾತೆಂದು ಅವರಿಗೆ ಗೊತ್ತಾಗುತ್ತದೆ. ವಯಸ್ಸಿನಲ್ಲಿ ನನ್ನ ಮೊದಮೊದಲ ತಂಡಗಳ ವಿದ್ಯಾರ್ಥಿನಿಯರಷ್ಟು ಚಿಕ್ಕವರು. ವರದಿಗಳನ್ನೆಲ್ಲ ಓದಿ ಬದಿಗಿಟ್ಟು, ನಾನು ದಿನಕ್ಕೆ ಎಷ್ಟು ಹೊತ್ತು ಕೈಯೆತ್ತಿ ಬರೆಯುತ್ತೇನೆ, ಉತ್ತರಪತ್ರಿಕೆ ತಿದ್ದುವಾಗ ಹೇಗೆ ಕೂರುತ್ತೇನೆ, ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕೂರುವುದುಂಟೇ ಎಂದು ಕೇಳಿದರು. ಆಮೇಲೆ ನೋವಿದ್ದ ತೋಳನ್ನು ಮುಟ್ಟದೆ, ಬೆನ್ನಿನ ಹಿಂದೆ ಹೆಗಲಮೂಳೆಯ ಚಪ್ಪಟೆ ಭಾಗದ ಮೇಲೆ ಬೆರಳಾಡಿಸುತ್ತ ಹೋಗಿ ಒಂದೆಡೆ ನಿಲ್ಲಿಸಿ ಒತ್ತಿದರು. ಒತ್ತಿದ್ದು ಬೆನ್ನಿನಲ್ಲಿ, ನೋವು ಎದ್ದದ್ದು ತೋಳಿನ ಮುಂಭಾಗದಲ್ಲಿ.

“ದಿನಾ ಬರೋದು ಇದೇ ನೋವಾ ಟೀಚರ್?” ಎಂದು ಕೇಳಿದರು.

ಅದೇ ನೋವು. ನನ್ನ ಕಣ್ಣಲ್ಲಿ ನೀರು ಬಂತು. ನೋವಿನ ಕಾರಣಕ್ಕಲ್ಲ, ಅಷ್ಟು ತಿಂಗಳುಗಳ ಬಳಿಕ ಒಬ್ಬರ ಬೆರಳು ಸರಿಯಾದ ಜಾಗಕ್ಕೆ ಬಂದು ನಿಂತಿತ್ತು. ನನ್ನ ಮೊದಲ ಕೃತಜ್ಞತೆ ಸೂಜಿಗಿಂತ ಮುಂಚಿನ ಆ ಬೆರಳಿಗೆ ಸಲ್ಲಬೇಕು.

ಆ ಜಾಗದಲ್ಲಿರುವ ಸ್ನಾಯುವಿಗೆ ಇನ್ಫ್ರಾಸ್ಪಿನೇಟಸ್ ಎಂದು ಹೆಸರು. ತೋಳನ್ನು ಹೊರಮುಖವಾಗಿ ತಿರುಗಿಸುವುದು, ಕೈಯೆತ್ತಿದಾಗ ತೋಳಿನ ಮೂಳೆಯ ಗುಂಡನ್ನು ಕೀಲಿನಲ್ಲಿ ಹಿಡಿದಿಡುವುದು ಅದರ ಕೆಲಸ. ತಲೆನೋವಿನ ಮೂಲ ಕುತ್ತಿಗೆಗೂ ಹೆಗಲಿಗೂ ನಡುವಿನ ಟ್ರಪೀಜಿಯಸ್ ಸ್ನಾಯುವಿನ ಮೇಲಂಚಿನಲ್ಲಿತ್ತು. ಎರಡರಲ್ಲೂ ಬಿಗಿದ ಹುರಿಯಂಥ ಎಳೆ, ಆ ಎಳೆಯೊಳಗೆ ಅವರೆಕಾಳಿನ ಗಾತ್ರದ ಗಂಟು ಬೆರಳಿಗೆ ಸಿಗುತ್ತಿತ್ತು. ಇದಕ್ಕೆ ಟ್ರಿಗರ್ ಪಾಯಿಂಟ್ ಎನ್ನುತ್ತಾರೆ. ನರವು ಸ್ನಾಯುವನ್ನು ಸೇರುವ ತಾಣದಲ್ಲಿ ಸಂಕೋಚನದ ಸೂಚನೆ ನಿಲ್ಲದೆ ಸೋರುತ್ತಿರುತ್ತದೆ, ಎಳೆ ಬಿಗಿದೇ ಉಳಿದು ತನ್ನ ರಕ್ತನಾಳಗಳನ್ನು ತಾನೇ ಹಿಸುಕಿಕೊಳ್ಳುತ್ತದೆ, ರಕ್ತವಿಲ್ಲದೆ ಸಡಿಲಗೊಳ್ಳುವ ಶಕ್ತಿಯೂ ಅದಕ್ಕೆ ಇರುವುದಿಲ್ಲ ಎಂಬುದು ಹೆಚ್ಚಾಗಿ ಕೊಡುವ ವಿವರಣೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಜೇ ಶಾ ಮತ್ತು ಸಂಗಡಿಗರು 2005ರಲ್ಲಿ ಇಂಥ ಗಂಟುಗಳ ಒಳಗಿನ ದ್ರವವನ್ನು ಅತಿ ಸಣ್ಣ ಸೂಜಿಯಿಂದ ಸಂಗ್ರಹಿಸಿ ನೋಡಿದಾಗ, ನೋವುಳ್ಳ ಗಂಟಿನಲ್ಲಿ ಆಮ್ಲತೆಯೂ ನೋವನ್ನು ಕೆರಳಿಸುವ ರಾಸಾಯನಿಕಗಳೂ ಹೆಚ್ಚಾಗಿದ್ದವು. ಪ್ರಯೋಗಕ್ಕೆ ಒಳಗಾದವರು ಕೆಲವೇ ಮಂದಿ, ನಿಜ. ಆದರೂ ಚಿತ್ರದಲ್ಲಿ ಕಾಣದ ನೋವಿಗೆ ಸ್ನಾಯುವಿನೊಳಗೆ ಅಳೆಯಬಲ್ಲ ಗುರುತಿದೆ ಎಂದು ಓದಿದ ರಾತ್ರಿ ನಾನು ನೆಮ್ಮದಿಯಿಂದ ಮಲಗಿದೆ.

ಅವರು ಸೂಚಿಸಿದ್ದು ಡ್ರೈ ನೀಡ್ಲಿಂಗ್. ಸೂಜಿಯ ಮೂಲಕ ಯಾವ ಔಷಧವೂ ಒಳಗೆ ಹೋಗುವುದಿಲ್ಲವಾದ್ದರಿಂದ ಅದು ‘ಒಣ’ ಸೂಜಿ. ಇಂಜೆಕ್ಷನ್ ಸೂಜಿಯಂತೆ ಟೊಳ್ಳಾಗಿರುವುದಿಲ್ಲ; ಒಂದು ಮಿಲಿಮೀಟರಿನ ಮೂರನೇ ಒಂದು ಭಾಗಕ್ಕಿಂತಲೂ ತೆಳ್ಳಗಿನ ಗಟ್ಟಿ ತಂತಿ ಅದು. ಚೀನಾದ ಅಕ್ಯುಪಂಕ್ಚರ್‌ನಲ್ಲಿ ಬಳಸುವ ಸೂಜಿಯೂ ಇಂಥದ್ದೇ, ಆದರೆ ಅಲ್ಲಿ ಸೂಜಿಯ ಜಾಗವನ್ನು ಪ್ರಾಣಶಕ್ತಿ ಹರಿಯುವ ಪಥಗಳ ಲೆಕ್ಕದಲ್ಲಿ ಗೊತ್ತುಮಾಡಿದರೆ ಇಲ್ಲಿ ಬೆರಳಿಗೆ ಸಿಕ್ಕ ಗಂಟೇ ಗುರಿ.

ಹೆದರಿಕೆ ನನಗೆ ಖಂಡಿತ ಇತ್ತು. ಅವರು ಅವಸರ ಮಾಡಲಿಲ್ಲ. ಮುಚ್ಚಿದ ಪೊಟ್ಟಣವನ್ನು ನನ್ನೆದುರೇ ಹರಿದು, ಒಮ್ಮೆ ಬಳಸಿದ್ದನ್ನು ಮತ್ತೆ ಬಳಸುವುದಿಲ್ಲವೆಂದು ತೋರಿಸಿದರು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುತ್ತೀರಾ, ಸೂಜಿ ಕಂಡರೆ ತಲೆಸುತ್ತುತ್ತದೆಯೇ ಎಂದು ವಿಚಾರಿಸಿದರು. ಹೆಗಲಿನ ಸುತ್ತಮುತ್ತ ಪಕ್ಕೆಲುಬಿನ ಕೆಳಗೇ ಶ್ವಾಸಕೋಶವಿರುವುದರಿಂದ, ಅಪರೂಪಕ್ಕಾದರೂ ಸೂಜಿ ಆಳಕ್ಕೆ ಹೋಗಿ ಶ್ವಾಸಕೋಶಕ್ಕೆ ತಾಗುವ ಅಪಾಯವಿದೆ, ಹಾಗಾದರೆ ಎದೆನೋವು ಮತ್ತು ಉಸಿರಾಟದ ತೊಂದರೆ ಕಾಣಿಸಿಕೊಳ್ಳುತ್ತದೆ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು ಎಂಬುದನ್ನೂ ಮುಚ್ಚಿಡದೆ ಹೇಳಿದರು. ಅಪಾಯವನ್ನು ಮೊದಲೇ ಬಿಡಿಸಿ ಹೇಳಿದ್ದಕ್ಕೇ ನನಗೆ ಅವರ ಮೇಲೆ ನಂಬಿಕೆ ಕುದುರಿತು.

ಮಗ್ಗುಲಾಗಿ ಮಲಗಿಸಿ, ಸ್ಪಿರಿಟ್‌ನಿಂದ ಒರೆಸಿ, ಸಣ್ಣ ಕೊಳವೆಯೊಳಗಿಂದ ಸೂಜಿಯನ್ನು ಮೆಲ್ಲಗೆ ತಟ್ಟಿದರು. ಚರ್ಮ ದಾಟಿದ್ದು ತಿಳಿಯಲೇ ಇಲ್ಲ. ಮುಂದಕ್ಕೆ ತುಸು ಸರಿಸುತ್ತಿದ್ದಂತೆ ಒಳಗೆ ಏನೋ ಸರಕ್ಕನೆ ಮಿಡಿಯಿತು. ಗದ್ದೆಯ ಕೆಸರಿನಲ್ಲಿ ಕಾಲಿಟ್ಟಾಗ ಪಾದದಡಿಯಿಂದ ಏಡಿಯೊಂದು ಜಾರಿ ಹೋದ ಹಾಗೆ. ಬಿಗಿದ ಎಳೆ ತನ್ನಷ್ಟಕ್ಕೆ ತಾನೇ ಹೀಗೆ ಮಿಡಿಯುವುದು ಸರಿಯಾದ ಜಾಗ ಸಿಕ್ಕಿದ್ದರ ಲಕ್ಷಣವಂತೆ. ಅದೇ ಗಳಿಗೆಯಲ್ಲಿ ತೋಳಿನ ಮುಂಭಾಗದ ಹಳೆಯ ನೋವು ಪೂರ್ತಿ ಎದ್ದು ಬಂದು, ಹತ್ತಿಪ್ಪತ್ತು ಸೆಕೆಂಡಿನಲ್ಲಿ ಇಳಿಯತೊಡಗಿತು. ಟ್ರಪೀಜಿಯಸ್‌ಗೆ ಚುಚ್ಚುವಾಗ ಅವರು ಆ ಸ್ನಾಯುವನ್ನು ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಹಿಡಿದು ಮೇಲೆತ್ತಿಕೊಂಡೇ ಚುಚ್ಚಿದರು. ಕೆಳಗಿನ ಶ್ವಾಸಕೋಶದಿಂದ ದೂರವಿರಲೆಂದು ಮಾಡುವ ಎಚ್ಚರಿಕೆ ಅದು.

ಅಂದು ಸಂಜೆ ತಾಳಗುಪ್ಪದ ರೈಲಿನಲ್ಲಿ ಮರಳುವಾಗ ಹೆಗಲು ಕುಟ್ಟಿದಂತೆ ನೋಯುತ್ತಿತ್ತು. ಒಂದೆರಡು ದಿನ ಹಾಗಿರುತ್ತದೆಂದು ಅವರು ಮೊದಲೇ ಹೇಳಿದ್ದರು, ಹಾಗೆಯೇ ಇತ್ತು. ಮೂರನೆಯ ದಿನ ಬೆಳಗ್ಗೆ ಸೆರಗಿನ ಪಿನ್ನನ್ನು ನಾನೇ ಚುಚ್ಚಿಕೊಂಡೆ.

ಇಷ್ಟಕ್ಕೇ ನಿಲ್ಲಿಸಿದರೆ ಓದುಗರಿಗೆ ಸುಳ್ಳು ಹೇಳಿದಂತಾದೀತು. ಎರಡನೆಯ ವಾರ ನೋವು ಅರ್ಧದಷ್ಟು ಮರಳಿ ಬಂತು. ಏಳು ವಾರಗಳಲ್ಲಿ ಒಟ್ಟು ಐದು ಸಲ ಸೂಜಿ ಹಾಕಿಸಿಕೊಂಡೆ. “ಸೂಜಿ ಬಾಗಿಲು ತೆಗೆಯುತ್ತೆ ಅಷ್ಟೇ ಟೀಚರ್, ನಡೀಬೇಕಾದವರು ನೀವು” ಎಂದು ಪ್ರತಿಸಲವೂ ಹೇಳಿ ವ್ಯಾಯಾಮ ಮಾಡಿಸುತ್ತಿದ್ದರು. ಎಡಮಗ್ಗುಲಾಗಿ ಮಲಗಿ, ಬಲ ಮೊಣಕೈಯನ್ನು ಪಕ್ಕೆಗೆ ತಾಗಿಸಿಟ್ಟು, ಅರ್ಧ ಲೀಟರಿನ ನೀರಿನ ಬಾಟಲಿಯನ್ನು ನಿಧಾನವಾಗಿ ಎತ್ತಿಳಿಸುವುದು. ಗೋಡೆಗೆ ಬೆನ್ನು ಕೊಟ್ಟು ಹೆಗಲಮೂಳೆಗಳನ್ನು ಹಿಂದಕ್ಕೂ ಕೆಳಕ್ಕೂ ಎಳೆದು ಹಿಡಿಯುವುದು. ಮಾಡಲು ಬೇಸರ ತರಿಸುವ ಕೆಲಸಗಳಿವು. ಆದರೆ ಇವನ್ನು ಬಿಟ್ಟಿದ್ದರೆ ಸೂಜಿಯ ಫಲ ನನ್ನಲ್ಲಿ ಉಳಿಯುತ್ತಿರಲಿಲ್ಲವೆಂಬುದು ನನ್ನ ನಂಬಿಕೆ.

ಈ ಚಿಕಿತ್ಸೆಯ ಹಿಂದಿರುವವರಲ್ಲಿ ಇಬ್ಬರನ್ನಾದರೂ ಇಲ್ಲಿ ನೆನೆಯಬೇಕು. 1901ರಲ್ಲಿ ಹುಟ್ಟಿದ ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಸ್ನಾಯುಗಳ ಗಂಟುಗಳನ್ನೂ ಅವು ದೂರದಲ್ಲೆಲ್ಲೋ ಎಬ್ಬಿಸುವ ನೋವನ್ನೂ ದಶಕಗಳ ಕಾಲ ಗುರುತು ಹಾಕಿಕೊಂಡು ಬಂದವರು. ಅಧ್ಯಕ್ಷ ಕೆನಡಿಯವರ ಬೆನ್ನುನೋವಿಗೆ ಚಿಕಿತ್ಸೆ ನೀಡಿದ ಅವರು 1961ರಲ್ಲಿ ಶ್ವೇತಭವನದ ವೈದ್ಯರಾದರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರೇ. ಡೇವಿಡ್ ಸೈಮನ್ಸ್ ಅವರೊಡನೆ 1983ರಲ್ಲಿ ಅವರು ಪ್ರಕಟಿಸಿದ ಕೈಪಿಡಿಯಲ್ಲಿ ಒಂದೊಂದು ಸ್ನಾಯುವಿಗೂ ನೋವಿನ ನಕಾಶೆಯಿದೆ. ಇನ್ಫ್ರಾಸ್ಪಿನೇಟಸ್ ಸ್ನಾಯುವಿನ ನಕಾಶೆಯನ್ನು ನನಗೆ ತೋರಿಸಿದಾಗ, ನನ್ನ ತೋಳನ್ನೇ ಎದುರಿಗಿಟ್ಟುಕೊಂಡು ಬಿಡಿಸಿದ್ದಾರೇನೋ ಎನ್ನಿಸಿತು.

ಟ್ರಾವೆಲ್ ಅವರು ಗಂಟಿಗೆ ಅರಿವಳಿಕೆ ಔಷಧ ಚುಚ್ಚುತ್ತಿದ್ದರು. ಪ್ರಾಗ್‌ನ ವೈದ್ಯ ಕಾರೆಲ್ ಲೆವಿಟ್ ಅವರು 1979ರಲ್ಲಿ, ಗುಣಕ್ಕೆ ಔಷಧವೇ ಕಾರಣವಾಗಬೇಕಿಲ್ಲ, ಬರೀ ಸೂಜಿಯೂ ಸಾಕು ಎಂದು ತೋರಿಸಿದರು. 241 ರೋಗಿಗಳ 312 ನೋವಿನ ತಾಣಗಳಲ್ಲಿ ಶೇಕಡಾ 86.8ರಷ್ಟಕ್ಕೆ ಕೂಡಲೇ ನೋವು ಇಳಿಯಿತು. ಈ ಸಂಖ್ಯೆಯನ್ನು ಬಹಳ ಕಡೆ ಎತ್ತಿ ಹೇಳುತ್ತಾರೆ. ಮುಂದಿನ ಸಂಖ್ಯೆಗಳು ನನಗೆ ಇನ್ನೂ ಮುಖ್ಯವೆನಿಸಿದವು: ಬಳಿಕ ಗಮನಿಸುತ್ತ ಬಂದ 288 ತಾಣಗಳಲ್ಲಿ ಶಾಶ್ವತವಾಗಿ ಗುಣವಾದವು 92, ತಿಂಗಳುಗಟ್ಟಲೆ ಆರಾಮ ಸಿಕ್ಕವು 58, ವಾರಗಟ್ಟಲೆ 63, ಕೆಲವೇ ದಿನ 32. ಕೂಡಿಸಿ ಕಳೆದರೆ ಉಳಿಯುವ 43 ತಾಣಗಳನ್ನೂ ನಾವು ಮರೆಯಬಾರದು. ಹೋಲಿಕೆಗೆಂದು ಸೂಜಿ ಹಾಕದ ಇನ್ನೊಂದು ಗುಂಪು ಆಗ ಇರಲಿಲ್ಲ. ಮುಂದೆ ಹೋಲಿಸಿ ನಡೆಸಿದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದವರೂ, ಕೆಲವು ವಾರಗಳ ಮಟ್ಟಿಗೆ ಉಪಶಮನಕ್ಕೆ ಆಧಾರವಿದೆ, ದೀರ್ಘಕಾಲದ ಲಾಭಕ್ಕೆ ಅಷ್ಟು ಗಟ್ಟಿಯಾದ ಆಧಾರವಿಲ್ಲ ಎನ್ನುತ್ತಾರೆ. ಆ ಕೆಲವು ವಾರಗಳೇ ನನಗೆ ಬೇಕಾಗಿದ್ದವು. ನೋವಿಲ್ಲದ ಆ ಅವಧಿಯಲ್ಲಿಯೇ ನೀರಿನ ಬಾಟಲಿ ಎತ್ತಲು ಸಾಧ್ಯವಾಯಿತು.

ನನಗೆ ಗುಣವಾದದ್ದನ್ನು ಕಂಡು ನಮ್ಮ ಅತ್ತೆಯವರೂ ತಮ್ಮ ಸೊಂಟಕ್ಕೆ ಸೂಜಿ ಹಾಕಿಸಿಕೊಳ್ಳುವ ಆಸೆಯಿಂದ ಒಂದು ಸಲ ಜೊತೆಗೆ ಬಂದರು. ಹೃದಯದ ತೊಂದರೆಗೆ ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆಂದು ತಿಳಿದೊಡನೆ, “ನಿಮಗೆ ಸೂಜಿ ಬೇಡ ಅಜ್ಜಿ, ಕೈಯಿಂದಲೇ ನೋಡೋಣ” ಎಂದು ಮುಕ್ಕಾಲು ಗಂಟೆ ಅವರ ಸೊಂಟಕ್ಕೆ ಸಮಯ ಕೊಟ್ಟರು. ಬಂದವರಿಗೆಲ್ಲ ಸೂಜಿ ಚುಚ್ಚುವವರ ಕೈಗೆ ನಾನು ಸಿಕ್ಕಲಿಲ್ಲವಲ್ಲ ಎಂಬ ಸಮಾಧಾನ ಅಂದು ನನಗಾಯಿತು. ನನ್ನನ್ನು ನೋಡಿ ಈ ಚಿಕಿತ್ಸೆಗೆ ಹೊರಡುವವರಲ್ಲಿ ನನ್ನ ಕೋರಿಕೆ ಇಷ್ಟೇ: ಇದರಲ್ಲಿ ಸರಿಯಾದ ತರಬೇತಿ ಪಡೆದವರಲ್ಲಿಗೇ ಹೋಗಿ, ನೀವು ತೆಗೆದುಕೊಳ್ಳುವ ಮಾತ್ರೆಗಳನ್ನೂ ಬಸುರಿಯಾಗಿದ್ದರೆ ಅದನ್ನೂ ಮೊದಲೇ ತಿಳಿಸಿ.

ಶಾಲೆಯ ಋಣವೂ ಸಣ್ಣದಲ್ಲ. ಮುಖ್ಯೋಪಾಧ್ಯಾಯರು ಹಲಗೆಯ ಕೆಳಗೆ ಅರ್ಧ ಅಡಿ ಎತ್ತರದ ಮರದ ಮಣೆಯನ್ನು ಮಾಡಿಸಿ ಹಾಕಿಸಿದರು. ಈಗ ಮೇಲಂಚಿನಲ್ಲಿ ಬರೆಯಲು ನಾನು ಮೊದಲಿನಷ್ಟು ಕೈ ಚಾಚಬೇಕಾಗಿಲ್ಲ. ವಿಜ್ಞಾನದ ಮೇಷ್ಟ್ರು ತಮ್ಮ ಪಾಠದ ಹೊರೆಯ ಮೇಲೆ ನನ್ನ ಒಂಬತ್ತನೇ ತರಗತಿಯ ರೇಖಾಗಣಿತವನ್ನೂ ಹೊತ್ತುಕೊಂಡರು. ಹೋದ ವರ್ಷದ ಹತ್ತನೇ ತರಗತಿಯ ಮಕ್ಕಳು ತಾವೇ ಸರದಿ ಗೊತ್ತುಮಾಡಿಕೊಂಡು, ನಾನು ಕುರ್ಚಿಯಲ್ಲಿ ಕೂತು ಹೇಳಿದಂತೆ ಹಲಗೆಯ ಮೇಲೆ ಕೈವಾರ ತಿರುಗಿಸಿ ವೃತ್ತ ಎಳೆದರು, ಸ್ಪರ್ಶಕ ಬಿಡಿಸಿದರು. ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುತ್ತಿದ್ದ ಹುಡುಗಿಯೊಬ್ಬಳು ಹಾಗೆ ಬರೆಯುತ್ತ ಬರೆಯುತ್ತ ಪ್ರಮೇಯಗಳನ್ನು ತರಗತಿಗೆ ತಾನೇ ವಿವರಿಸುವಷ್ಟು ಧೈರ್ಯ ತಂದುಕೊಂಡಳು. ನನ್ನ ಕೈ ಸರಿಯಿದ್ದಿದ್ದರೆ ಸೀಮೆಸುಣ್ಣವನ್ನು ಅವಳ ಕೈಗೆ ನಾನು ಕೊಡುತ್ತಿದ್ದೆನೇ ಎಂದು ಈಗಲೂ ಯೋಚಿಸುತ್ತೇನೆ. ಈಗ ವಾರದಲ್ಲಿ ಎರಡು ಪಾಠಗಳಿಗೆ ಹಲಗೆ ಮಕ್ಕಳದ್ದೇ.

ನಮ್ಮ ಯಜಮಾನರು ಐದೂ ಸಲ ತೋಟದ ಕೆಲಸ ಬಿಟ್ಟು ಶಿವಮೊಗ್ಗಕ್ಕೆ ಜೊತೆಯಾಗಿ ಬಂದರು, ನನ್ನ ಚೀಲವನ್ನು ತಾವೇ ಹೊತ್ತರು; ಈ ಮಾತನ್ನು ಬರೆಯಬೇಡವೆಂದು ಅವರು ಹೇಳಿದ್ದರೂ ಬರೆದಿದ್ದೇನೆ. ಮುಂದಿನ ತಿಂಗಳು ತಪಾಸಣೆಗೆ ಹೋಗಬೇಕಾಗಿದೆ. ಅತ್ತೆಯವರು ಈ ಸಲದ ಅಪ್ಪೆಮಿಡಿ ಉಪ್ಪಿನಕಾಯಿಯಲ್ಲಿ ಒಂದು ಭರಣಿಯನ್ನು ಸೂಜಿ ಹಾಕಿದ ಆ ಹುಡುಗಿಗೆಂದೇ ಬಟ್ಟೆ ಕಟ್ಟಿ ಬೇರೆ ಇಟ್ಟಿದ್ದಾರೆ. ಅದನ್ನು ಬಲಗೈಯಲ್ಲಿಯೇ ಹಿಡಿದುಕೊಂಡು ಹೋಗುತ್ತೇನೆ.