ಮೊದಲು ಮಗು ಆರಿಸಲಿ, ಆಮೇಲೆ ಡೋನಟ್ ಅದ್ದುತ್ತೇವೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳ ಮೊದಲ ದಿನದಿಂದ ನಮ್ಮ ಅಂಗಡಿಯಲ್ಲಿ ಮಕ್ಕಳಿಗೆ ಡೋನಟ್ ಕೊಡುವ ರೀತಿ ಬದಲಾಗುತ್ತಿದೆ. ಇಷ್ಟು ದಿನ ನಾವು ಡೋನಟ್ಟನ್ನು ಗ್ಲೇಜ್ ಅನ್ನುವ ಸಕ್ಕರೆ ಲೇಪದಲ್ಲಿ ಅದ್ದಿ ಕೊಡುತ್ತಿದ್ದೆವು, ಮೇಲೆ ಏನು ಉದುರಿಸಬೇಕು ಅಂತ ಮಗು ಆಮೇಲೆ ಆರಿಸುತ್ತಿತ್ತು. ಇನ್ನು ಮುಂದೆ ಇದು ಹಿಂದುಮುಂದು. ಮಗು ಮೊದಲು ಆರಿಸುತ್ತದೆ, ನಾವು ಆಮೇಲೆ ಅದ್ದುತ್ತೇವೆ. ಮಕ್ಕಳ ಡೋನಟ್ ಮೊದಲಿಗಿಂತ ಚಿಕ್ಕದಾಗುತ್ತದೆ, ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹತ್ತು ನಿಮಿಷ ಕಾಯಬೇಕಾಗಬಹುದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಈ ಬದಲಾವಣೆ ಶುರುವಾಗಿದ್ದು ಒಂದು ಪುಟ್ಟ ಹುಡುಗಿಯಿಂದ. ವಯಸ್ಸು ನಾಲ್ಕೋ ಐದೋ ಇರಬೇಕು. ತುದಿಗಾಲಲ್ಲಿ ನಿಂತರೂ ಅವಳ ಗಲ್ಲ ಕೌಂಟರಿನ ಅಂಚಿಗೆ ಬರುತ್ತಿತ್ತು, ಅಷ್ಟೇ. ಮೇಲೆ ಉದುರಿಸುವುದನ್ನು ಇಟ್ಟ ಡಬ್ಬಿಗಳೊಳಗೆ ಏನಿದೆ ಅಂತ ಅವಳಿಗೆ ಕಾಣುತ್ತಿರಲಿಲ್ಲ. ಅಮ್ಮ ಒಂದೊಂದೇ ಹೆಸರು ಹೇಳುತ್ತಿದ್ದರು, ಅವಳು ಕಣ್ಣು ಮೇಲೆ ಮಾಡಿ ಯೋಚಿಸುತ್ತಿದ್ದಳು. ಹಿಂದೆ ಜನ ನಿಂತಿದ್ದರು. "ಬೇಗ ಹೇಳು ಪುಟ್ಟಾ" ಅಂತ ಅಮ್ಮ ಎರಡು ಸಲ ಹೇಳಿದರು. ಕೊನೆಗೆ ಅವಳು "ನಕ್ಷತ್ರ" ಅಂದಳು. ಅಷ್ಟರಲ್ಲಿ ಗ್ಲೇಜ್ ಒಣಗಿಹೋಗಿತ್ತು. ಸಕ್ಕರೆಯ ನಕ್ಷತ್ರಗಳೆಲ್ಲ ಜಾರಿ ತಟ್ಟೆಗೆ ಬಿದ್ದವು. ಅವಳು ಅಳಲಿಲ್ಲ. ಒಂದೊಂದನ್ನೇ ಹೆಕ್ಕಿ, ಬೆರಳಿನಿಂದ ಒತ್ತಿ ಒತ್ತಿ ಅಂಟಿಸಲು ನೋಡಿದಳು. ಅಂಟಲಿಲ್ಲ.

ಆ ಸಂಜೆ ಅಂಗಡಿ ಮುಚ್ಚಿದ ಮೇಲೂ ನಮಗೆ ಅದೇ ಕಣ್ಣ ಮುಂದೆ. ಮಗು ನಿಧಾನ ಮಾಡಿದ್ದು ತಪ್ಪಲ್ಲ, ಅಮ್ಮ ಅವಸರ ಮಾಡಿದ್ದೂ ತಪ್ಪಲ್ಲ. ಕೆಲಸದ ಕ್ರಮವನ್ನು ತಪ್ಪಾಗಿ ಇಟ್ಟವರು ನಾವು.

ಗ್ಲೇಜ್‌ನ ಸ್ವಭಾವ ಹಾಗಿದೆ. ಪುಡಿ ಸಕ್ಕರೆಗೆ ಸ್ವಲ್ಪ ಹಾಲು ಬೆರೆಸಿ ತೆಳ್ಳಗೆ ಮಾಡಿದ ಈ ಲೇಪ ಡೋನಟ್ ಮೇಲೆ ಕೂತ ಒಂದೆರಡು ನಿಮಿಷದಲ್ಲೇ ಪೊರೆ ಕಟ್ಟುತ್ತದೆ. ಏನೇ ಉದುರಿಸಿದರೂ ಅದು ಹಸಿಯಿರುವಾಗಲೇ ಉದುರಿಸಬೇಕು. ಎಣ್ಣೆಯಿಂದ ತೆಗೆದ ಕೂಡಲೇ ಅದ್ದಿದರೂ ಆಗುವುದಿಲ್ಲ, ಬಿಸಿಗೆ ಗ್ಲೇಜ್ ಕರಗಿ ಸೋರಿಹೋಗುತ್ತದೆ. ಪೂರ್ತಿ ತಣ್ಣಗಾದರೆ ಲೇಪ ದಪ್ಪವಾಗಿ ಕೂರುತ್ತದೆ. ಮುಟ್ಟಿದರೆ ಹದವಾಗಿ ಬೆಚ್ಚಗಿರಬೇಕು. ಅದಕ್ಕೆ ಡೋನಟ್ ಜಾಲರಿಯ ಮೇಲೆ ಕೆಲವು ನಿಮಿಷ ಸುಮ್ನೆ ಕೂರಬೇಕು. ಮಗುವಿಗೆ ಆರಿಸಲು ಬೇಕಾಗುವ ಹೊತ್ತೂ ಹೆಚ್ಚುಕಡಿಮೆ ಅಷ್ಟೇ. ಇದು ನಮಗೆ ಇಷ್ಟು ದಿನ ಹೊಳೆದಿರಲಿಲ್ಲ.

ಹಾಗಾಗಿ ಡಬ್ಬಿಗಳನ್ನೆಲ್ಲ ಒಂದು ತಗ್ಗು ಮೇಜಿನ ಮೇಲೆ ಇಟ್ಟಿದ್ದೇವೆ. ಮೂರು ವರ್ಷದ ಮಗುವೂ ನಿಂತು ಒಳಗೆ ನೋಡಬಹುದು. ಪ್ರತಿ ಮಗುವಿಗೂ ಮೂರು ಗುಳಿಯಿರುವ ಒಂದು ಮರದ ತಟ್ಟೆ ಮತ್ತು ಒಂದು ಚಮಚ ಕೊಡುತ್ತೇವೆ. ಬೇಕಾದ್ದನ್ನು ಹಾಕಿಕೊಳ್ಳಲಿ, ಬೇಡವೆನಿಸಿದರೆ ತಟ್ಟೆ ಬದಲಾಯಿಸಿ ಮತ್ತೆ ಶುರು ಮಾಡಲಿ. ಆರಿಸಿ ಆಯಿತು ಅಂದಾಗ ನಾವು ಮಗುವಿನ ಎದುರಿಗೇ ಡೋನಟ್ ಅದ್ದುತ್ತೇವೆ. ಉದುರಿಸುವುದು ಮಗುವಿನದೇ ಕೈ. ಗುಳಿ ಮೂರೇ ಯಾಕೆ ಅಂತ ಕೇಳಬಹುದು. ಐದಾರು ಬಗೆ ಹಾಕಿ ನೋಡಿದೆವು. ಎಲ್ಲ ಸೇರಿ ಬರೀ ಸಿಹಿ ಆಗುತ್ತದೆ, ಯಾವುದರ ರುಚಿಯೂ ನಾಲಿಗೆಗೆ ಸಿಗುವುದಿಲ್ಲ.

ದೊಡ್ಡವರಲ್ಲಿ ಒಂದು ಕೋರಿಕೆ. ದಯವಿಟ್ಟು ಮಗುವಿನ ಪರವಾಗಿ ನೀವು ಆರಿಸಬೇಡಿ. ಕಪ್ಪು ಎಳ್ಳಿನ ಜೊತೆ ನಿಂಬೆ ಸಿಪ್ಪೆಯ ತುರಿ ಹಾಕಿಕೊಂಡ ಒಬ್ಬ ಹುಡುಗನನ್ನು ಅವನ ಅಪ್ಪ ತಡೆಯಲು ಹೋಗಿದ್ದರು. ಈಗ ಆ ಜೋಡಿ ದೊಡ್ಡವರ ಡೋನಟ್ ಸಾಲಿನಲ್ಲೂ ಇದೆ, ಚೆನ್ನಾಗಿಯೇ ಹೋಗುತ್ತಿದೆ.

ಅಳತೆಯ ವಿಷಯಕ್ಕೆ ಬರೋಣ. ಮೇಜು ಒರೆಸುವವರಿಗೆ ಗೊತ್ತಿರುವ ಸತ್ಯ ಇದು: ಮಕ್ಕಳ ತಟ್ಟೆಯಲ್ಲಿ ಅರ್ಧ ಡೋನಟ್ ಉಳಿಯುತ್ತಿತ್ತು. ಮೇಲಿನದ್ದು ನೆಕ್ಕಿ ಮುಗಿದಿರುತ್ತಿತ್ತು, ಕೆಳಗಿನದ್ದು ಹಾಗೇ. ಎರಡು ಸಲ ಉಬ್ಬಿಸಿದ ಹಿಟ್ಟು ಕಸಕ್ಕೆ ಹೋಗುವುದನ್ನು ನೋಡಲು ನಮಗೆ ಸಂಕಟ. ಸಕ್ಕರೆಯ ಮಾತೂ ಇದೆ. ಮೇಲಿಂದ ಬೆರೆಸುವ ಸಕ್ಕರೆ, ಜೇನು ಮತ್ತು ಹಣ್ಣಿನ ರಸದಲ್ಲಿರುವ ಸಕ್ಕರೆ ಎಲ್ಲ ಸೇರಿ ದಿನದ ಆಹಾರದಿಂದ ಸಿಗುವ ಒಟ್ಟು ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಲಿ, 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಡೋನಟ್ ಆರೋಗ್ಯದ ತಿಂಡಿ ಅಂತ ನಾವು ಯಾವತ್ತೂ ಹೇಳುವುದಿಲ್ಲ. ಆದರೆ ಚಿಕ್ಕ ಹೊಟ್ಟೆಗೆ ಚಿಕ್ಕ ಡೋನಟ್ ಕೊಡುವುದು ನಮ್ಮ ಕೈಯಲ್ಲಿದೆ ಅಲ್ವಾ?

ಕೆಲವು ಡಬ್ಬಿಗಳು ಇನ್ನು ಮಕ್ಕಳ ಮೇಜಿನ ಮೇಲೆ ಇರುವುದಿಲ್ಲ. ಇಡೀ ಬಾದಾಮಿ, ಇಡೀ ಕಡಲೆಬೀಜ, ಗಟ್ಟಿಯಾದ ದುಂಡು ಮಿಠಾಯಿ ತೆಗೆದಿದ್ದೇವೆ. ಒಂದು ದಿನ ಒಂದು ಮಗುವಿನ ಗಂಟಲಿಗೆ ಮಿಠಾಯಿ ಸಿಕ್ಕಿಕೊಂಡಿತು. ಕೆಮ್ಮಿನ ಜೊತೆಯೇ ಹೊರಗೆ ಬಂತು, ಮಗುವಿಗೆ ಏನೂ ಆಗಲಿಲ್ಲ. ಆದರೂ ಆ ಕೆಲವು ಕ್ಷಣ ನಮ್ಮ ಕೈಕಾಲು ಆಡಲಿಲ್ಲ. ಐದು ವರ್ಷದೊಳಗಿನ ಮಕ್ಕಳ ಶ್ವಾಸನಾಳ ಕಿರಿದು, ಅಗಿದು ನುಂಗುವುದು ಇನ್ನೂ ಪಳಗಿರುವುದಿಲ್ಲ. ಅಂಥವರಿಗೆ ಇವನ್ನು ಕೊಡಲೇಬಾರದಿತ್ತು. ಆ ತಪ್ಪು ನಮ್ಮದು, ಕ್ಷಮೆ ಕೇಳುತ್ತೇವೆ. ಜೇನಿನ ಗ್ಲೇಜ್ ದೊಡ್ಡವರ ಕೌಂಟರಿನಲ್ಲಿ ಮಾತ್ರ ಸಿಗುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸುವುದೂ ಬೇಡ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾ ಬೀಜಾಣುಗಳು ಕೂಸಿನ ಕರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಹುದು.

ಅಲರ್ಜಿ ಇರುವ ಮಕ್ಕಳ ಅಪ್ಪ ಅಮ್ಮಂದಿರು ಇದನ್ನು ಗಮನವಿಟ್ಟು ಓದಿ. ನಮ್ಮ ಹಿಟ್ಟಿನಲ್ಲಿ ಗೋಧಿ, ಹಾಲು, ಮೊಟ್ಟೆ ಇದೆ. ದೊಡ್ಡವರ ಡೋನಟ್‌ಗೆ ಬಳಸುವ ಬೀಜಗಳು ಇದೇ ಅಡುಗೆಮನೆಯಲ್ಲಿ ಇರುತ್ತವೆ. ಮಕ್ಕಳ ಮೇಜಿನಿಂದ ಬೀಜ ತೆಗೆದರೂ ಬೀಜದ ಚೂರು, ಪುಡಿ ಸ್ವಲ್ಪವೂ ತಾಗಿರುವುದಿಲ್ಲ ಅಂತ ಮಾತು ಕೊಡಲು ನಮಗೆ ಆಗುವುದಿಲ್ಲ. ತೀವ್ರ ಅಲರ್ಜಿ ಇರುವ ಮಗುವಿಗೆ ನಮ್ಮಲ್ಲಿ ತಿನ್ನಿಸಬೇಡಿ. ಬಂದು ನೋಡಲಿ, ಅದಕ್ಕೆ ಅಡ್ಡಿಯಿಲ್ಲ.

ನೋಡುವುದಕ್ಕೆ ಕರಿಯುವ ಜಾಗದ ಮುಂದಿನ ಗಾಜಿನ ಕಿಟಕಿ ಹಾಗೇ ಇದೆ. ಒಳಗೆ ಎಣ್ಣೆ ಸುಮಾರು 180 ಡಿಗ್ರಿ ಕಾದಿರುತ್ತದೆ, ಆದ್ದರಿಂದ ನೆಲದ ಮೇಲಿನ ಹಳದಿ ಗೆರೆ ದಾಟಬಾರದು. ಡೋನಟ್ ತೇಲುತ್ತಲೇ ಬೇಯುತ್ತದೆ. ಒಂದು ಕಡೆ ಕೆಂಪಗಾದ ಮೇಲೆ ಮಗುಚುತ್ತೇವೆ. ನಡುವೆ ಸುತ್ತಲೂ ಒಂದು ಬಿಳಿ ಪಟ್ಟಿ ಉಳಿಯುತ್ತದೆ, ಆ ಭಾಗ ಎಣ್ಣೆಯಲ್ಲಿ ಮುಳುಗುವುದೇ ಇಲ್ಲ. ಆ ಪಟ್ಟಿ ಎದ್ದು ಕಂಡರೆ ಹಿಟ್ಟು ಚೆನ್ನಾಗಿ ಉಬ್ಬಿದೆ ಅಂತ ಲೆಕ್ಕ. ಮಕ್ಕಳಿಗೆ ಪಟ್ಟಿ ಹುಡುಕಲು ಹೇಳಿ, ತುಂಬ ಖುಷಿಪಡುತ್ತಾರೆ.

"ನಡುವೆ ತೂತು ಯಾಕೆ?" ಅಂತ ಕೇಳದ ಮಗುವೇ ಇಲ್ಲ. ತೂತಿಲ್ಲದಿದ್ದರೆ ಅಂಚು ಬೆಂದರೂ ನಡು ಹಸಿಯಾಗಿ ಉಳಿಯುತ್ತದೆ. ಹ್ಯಾನ್ಸನ್ ಗ್ರೆಗರಿ ಅನ್ನುವ ಅಮೆರಿಕದ ನಾವಿಕ, 1847ರಲ್ಲಿ ಹಡಗಿನಲ್ಲಿದ್ದಾಗ ಈ ತೂತು ಮಾಡಿದವನು ತಾನೇ ಅಂತ ಹೇಳಿಕೊಂಡಿದ್ದ. ಆಗ ಅವನಿಗೆ ಹದಿನಾರು ವರ್ಷವಂತೆ. ಈ ಕಥೆಯನ್ನು ನಮ್ಮ ಹುಡುಗರು ಕರಿಯುತ್ತಲೇ ಮಕ್ಕಳಿಗೆ ಹೇಳುತ್ತಾರೆ.

ಒಳಗೆ ಜಾಮ್ ತುಂಬಿದ ಡೋನಟ್ ಬೇಕು ಅನ್ನುವ ಮಕ್ಕಳಿಗೆ ಅದೂ ಸಿಗುತ್ತದೆ. ಜಾಮ್ ತುಂಬಲು ಮಾಡಿದ ಸಣ್ಣ ತೂತು ಪಕ್ಕದಲ್ಲಿ ಕಾಣುತ್ತದೆ. ಆ ಕಡೆಯಿಂದಲೇ ಕಚ್ಚಲು ಹೇಳಿ. ಇನ್ನೊಂದು ಕಡೆಯಿಂದ ಕಚ್ಚಿದರೆ ಜಾಮೆಲ್ಲ ತೂತಿನಿಂದ ಹೊರಬಂದು ಅಂಗಿಯ ಮೇಲೆ.

ಅವಸರದಲ್ಲಿರುವವರಿಗೆ ಬಾಗಿಲ ಪಕ್ಕದಲ್ಲೇ ಬೇರೆ ಸಾಲು ಇದೆ. ಮಕ್ಕಳ ಮೇಜಿನ ಸಾಲು ಇನ್ನು ಅದಕ್ಕೆ ತಾಗುವುದಿಲ್ಲ, ಹಿಂದೆ ಯಾರೂ ನಿಂತು ಗಡಿಯಾರ ನೋಡುವುದಿಲ್ಲ. ಹುಟ್ಟುಹಬ್ಬಕ್ಕೆ ಬರುವವರು ಒಂದು ದಿನ ಮುಂಚೆ ತಿಳಿಸಿ. ಒಂದು ಸಲಕ್ಕೆ ಎಂಟು ಮಕ್ಕಳಿಗೆ ಮಾತ್ರ ತಟ್ಟೆ ಕೊಡಲು ಆಗುತ್ತದೆ. ದೊಡ್ಡ ಡೋನಟ್‌ನ ಹಳೆಯ ಕೂಪನ್ ಇಟ್ಟುಕೊಂಡವರು ಒಂದಕ್ಕೆ ಎರಡು ಚಿಕ್ಕದು ತೆಗೆದುಕೊಳ್ಳಬಹುದು.

ಅಂಗಡಿಯ ಅಲಂಕಾರ ಮಾತ್ರ ಬದಲಾಗುವುದಿಲ್ಲ. ಚಾವಣಿಗೆ ತಲೆಕೆಳಗಾಗಿ ಅಂಟಿಸಿದ ಮೇಜು, ಅದರ ಮೇಲಿನ ಕಪ್-ಬಸಿ ಎಲ್ಲಿಗೂ ಹೋಗುವುದಿಲ್ಲ. ಮೀಸೆ ಇರುವ ಡೋನಟ್, ಎಂಟು ಕಾಲಿನ ಡೋನಟ್ ಎರಡೂ ಗಾಜಿನ ಪೆಟ್ಟಿಗೆಯಲ್ಲಿ ಇದ್ದಲ್ಲೇ ಇರುತ್ತವೆ. ಆ ನಕ್ಷತ್ರದ ಹುಡುಗಿಯ ಮನೆಯವರು ಈ ಪತ್ರ ಓದುತ್ತಿದ್ದರೆ, ದಯವಿಟ್ಟು ಅವಳನ್ನು ಇನ್ನೊಂದು ಸಲ ಕರೆದುಕೊಂಡು ಬನ್ನಿ. ನಕ್ಷತ್ರದ ಡಬ್ಬಿ ಮೇಜಿನ ಮುಂದಿನ ಸಾಲಿನಲ್ಲೇ ಇದೆ.

ಇತಿ,
ನಿಮ್ಮ ಡೋನಟ್ ಅಂಗಡಿಯವರು